ಸಂಸಾರದ ಚಾರಣಕ್ಕೆ ಶಿಖರ ಬೇಡ

ಹಿಮಾಲಯಕ್ಕೆ ಹೋಗಿ ಬಂದ ಸಂಸಾರವನ್ನು ನಮ್ಮಲ್ಲಿ ನೆಂಟರಿಷ್ಟರು ಮೊದಲು ಕೇಳುವುದು ‘ಎಷ್ಟು ಅಡಿ ಹತ್ತಿದಿರಿ?’ ಎಂದು. ಹನ್ನೆರಡು ಸಾವಿರ ಎಂದರೆ ‘ಪರವಾಗಿಲ್ಲ’, ಹದಿನಾಲ್ಕು ಸಾವಿರ ಎಂದರೆ ‘ಭೇಷ್’. ಎಂಟು ವರ್ಷದ ಮಗಳೂ ಜೊತೆಗೆ ಹತ್ತಿದಳೆಂದು ತಿಳಿದರೆ ಮೆಚ್ಚುಗೆ ಇನ್ನೂ ಹೆಚ್ಚು. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹಿಮಾಚಲಕ್ಕೋ ಉತ್ತರಾಖಂಡಕ್ಕೋ ಹೊರಡುವ ಕುಟುಂಬಗಳು ಈಗ ಅಪರೂಪವಲ್ಲ. ಅದು ಸಂತೋಷಪಡಬೇಕಾದ ಸಂಗತಿ. ಆದರೆ ಆ ಪ್ರಶ್ನೆಯ ಹಿಂದಿರುವ ನಂಬಿಕೆಯನ್ನು ನಾನು ಒಪ್ಪಲಾರೆ. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದ ಮೇಲೆ ತುದಿ ಮುಟ್ಟಿಸಲೇಬೇಕು, ಎತ್ತರ ಹೆಚ್ಚಿದಷ್ಟೂ ರಜೆ ಸಾರ್ಥಕ ಎಂಬ ನಂಬಿಕೆ ಅದು. ಎತ್ತರವೇ ಗುರಿಯಾದ ಚಾರಣ ಸಂಸಾರಕ್ಕೆ ಹೊಂದುವುದಿಲ್ಲ. ಒಂದೇ ಊರಿನಲ್ಲಿ ತಂಗಿ, ದಿನವೂ ಅಲ್ಲಿಂದ ನಡೆದುಹೋಗಿ, ಸಂಜೆಗೆ ಅಲ್ಲಿಗೇ ಮರಳುವ ರಜೆಯೇ ಮಕ್ಕಳಿರುವ ಮನೆಗೆ ತಕ್ಕದ್ದು. ನಾನು ವಾದಿಸುವುದು ಇಷ್ಟನ್ನೇ.

ಆ ನಂಬಿಕೆ ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರು ಕಸೋಲ್‌ನಲ್ಲಿ ಬೇಸ್ ಕ್ಯಾಂಪ್ ಹಾಕಿ ಮೇ ತಿಂಗಳಲ್ಲಿ ನಡೆಸುತ್ತ ಬಂದ ಸರ್ ಪಾಸ್ ಚಾರಣ, ಕೈಯಲ್ಲಿ ಹೆಚ್ಚು ಕಾಸಿಲ್ಲದ ನಮ್ಮ ಎಷ್ಟೋ ಕಾಲೇಜು ಹುಡುಗ ಹುಡುಗಿಯರಿಗೆ ಹಿಮಾಲಯವನ್ನು ತೋರಿಸಿತು. ದಿನಕ್ಕೊಂದು ಕ್ಯಾಂಪ್, ಬೆಳಗ್ಗೆ ಶಿಸ್ತಿನ ಸಾಲು, ಕೊನೆಗೆ ಸುಮಾರು 13,800 ಅಡಿಯಲ್ಲಿ ಹಿಮ ದಾಟಿ ಆಚೆ ಕಣಿವೆಗೆ ಇಳಿಯುವುದು. ಇಪ್ಪತ್ತರ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ಅನುಭವ ಸಿಗುವುದು ಕಷ್ಟ. ಹಾಗೆ ಹೋಗಿಬಂದವರು ಈಗ ತಂದೆತಾಯಿಗಳು. ತಾವು ಇಪ್ಪತ್ತರಲ್ಲಿ ಪಡೆದದ್ದನ್ನು ಮಕ್ಕಳಿಗೆ ಹತ್ತರಲ್ಲೇ ಕೊಡಬೇಕೆಂಬ ಆಸೆ ಅವರದು. ಆ ಆಸೆಗೆ ತಕ್ಕಂತೆ ಹಂಪ್ಟಾ ಪಾಸ್, ಕೇದಾರಕಂಠ ಮೊದಲಾದ ದಾರಿಗಳು ‘ಫ್ಯಾಮಿಲಿ ಟ್ರೆಕ್’ ಎಂಬ ಹೆಸರಿನಲ್ಲೂ ಮಾರಾಟಕ್ಕಿವೆ. ದಾರಿ ಅದೇ, ಕ್ಯಾಂಪ್ ಅದೇ, ದಿನಗಳ ಲೆಕ್ಕವೂ ಬಹುಮಟ್ಟಿಗೆ ಅದೇ.

ಎತ್ತರದ ವಿಷಯದಲ್ಲಿ ವೈದ್ಯರಿಗೆ ಗೊಂದಲವಿಲ್ಲ. 3,000 ಮೀಟರ್ ಎತ್ತರದಲ್ಲಿ, ಅಂದರೆ ಹತ್ತು ಸಾವಿರ ಅಡಿಗೆ ತುಸು ಕೆಳಗೆ, ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ 70ರಷ್ಟು. ಸರ್ ಪಾಸಿನ ಎತ್ತರದಲ್ಲಿ ಅದು ಶೇ 60ರ ಆಸುಪಾಸು. ಒಂದೊಂದು ಉಸಿರಿನಲ್ಲೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಬೆಂಗಳೂರು ಇರುವುದು 900 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಲ್ಲಿಂದ ಹೋದ ಮೈ 2,500 ಮೀಟರ್ ದಾಟಿದ ಮೇಲೆ ಹೊಂದಿಕೊಳ್ಳಲು ದಿನಗಳನ್ನೇ ಬೇಡುತ್ತದೆ. ಕೊಡದಿದ್ದರೆ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು. ಅದನ್ನು ಲೆಕ್ಕಿಸದೆ ಇನ್ನೂ ಮೇಲೆ ಹೋದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಮಿದುಳು ಊದಿಕೊಳ್ಳುತ್ತದೆ. ಎರಡೂ ಪ್ರಾಣ ತೆಗೆಯುವಂಥವು. ದಿನಾ ಓಡುವವರಿಗೆ, ಜಿಮ್ಮಿಗೆ ಹೋಗುವವರಿಗೆ ಇದು ಬಾರದೆಂಬುದು ತಪ್ಪು ತಿಳಿವಳಿಕೆ. ಗಟ್ಟಿಮುಟ್ಟಾದ ಮೈ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಅಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಪರ್ವತ ವೈದ್ಯರು ಹೇಳುವ ಸೂತ್ರ. ವಿಮಾನದ ಟಿಕೆಟ್, ಶಾಲೆಯ ರಜೆ, ಆಫೀಸಿನ ರಜೆ ಮೂರನ್ನೂ ಹೊಂದಿಸಿಕೊಂಡು ಹೊರಟ ಸಂಸಾರಕ್ಕೆ ಆ ಹೆಚ್ಚುವರಿ ರಾತ್ರಿ ಎಲ್ಲಿಂದ ಬರಬೇಕು? ಪ್ಯಾಕೇಜುಗಳಲ್ಲಿ ಮೊದಲು ಕೈಬಿಟ್ಟುಹೋಗುವುದು ಅದೇ.

ಈ ಕಾಯಿಲೆ ಮಕ್ಕಳಿಗೂ ದೊಡ್ಡವರಂತೆಯೇ ಬರುತ್ತದೆ. ಅದನ್ನು ಹೇಳಿಕೊಳ್ಳುವುದು ಮಾತ್ರ ಅವರಿಗೆ ಬಾರದು. ಐದಾರು ವರ್ಷದ ಮಗು ‘ತಲೆ ನೋಯುತ್ತಿದೆ’ ಎನ್ನುವ ಬದಲು ಹಟ ಮಾಡುತ್ತದೆ, ತಟ್ಟೆ ತಳ್ಳುತ್ತದೆ, ಆಟ ಬಿಟ್ಟು ಮಂಕಾಗಿ ಕೂರುತ್ತದೆ. ಅಮ್ಮ ಸುಸ್ತೆಂದುಕೊಳ್ಳುತ್ತಾಳೆ, ಅಪ್ಪ ರಗಳೆ ಎಂದುಕೊಳ್ಳುತ್ತಾನೆ. ಕತ್ತಲಾದ ಮೇಲೆ, ಕೊರೆಯುವ ಚಳಿಯಲ್ಲಿ, ಟಾರ್ಚಿನ ಬೆಳಕಿನಲ್ಲಿ ಮಗುವಿನ ಮುಖ ನೋಡಿ ಇದು ದಣಿವೋ ಕಾಯಿಲೆಯೋ ಎಂದು ತೀರ್ಮಾನಿಸುವುದು ಅನುಭವಿ ಗೈಡಿಗೂ ಸುಲಭವಲ್ಲ. ಅನುಮಾನ ಬಂದರೆ ಕೆಳಗಿಳಿಸಿ ಎಂಬುದೇ ನಿಯಮ. ಹಾಗಿರುವಾಗ, ಮೋಟಾರು ರಸ್ತೆ ಮುಟ್ಟಲು ಇಡೀ ಹಗಲು ಬೇಕಾಗುವ ಜಾಗದಲ್ಲಿ ಮಗುವನ್ನು ಮಲಗಿಸುವುದು ಎಷ್ಟು ಸರಿ? ಚಳಿಯದೂ ಇದೇ ಕಥೆ. ಚಿಕ್ಕ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು, ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಬೆನ್ನಿಗೆ ಕಟ್ಟಿಕೊಂಡ ಕೂಸು ನಡೆಯುವುದೂ ಇಲ್ಲ. ಹೊತ್ತ ಅಪ್ಪನಿಗೆ ಬೆವರು ಇಳಿಯುತ್ತಿರುವಾಗಲೇ ಅದರ ಕಾಲ್ಬೆರಳುಗಳು ತಣ್ಣಗಾಗಿರಬಹುದು.

‘ಮೇ, ಜೂನ್ ಅಂದರೆ ಬೇಸಿಗೆ ತಾನೇ, ಭಯವೇನು?’ ಎನ್ನುವವರಿದ್ದಾರೆ. ಹದಿಮೂರು-ಹದಿನಾಲ್ಕು ಸಾವಿರ ಅಡಿಯಲ್ಲಿ ನಮ್ಮ ಬೇಸಿಗೆಯ ಲೆಕ್ಕ ನಡೆಯುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಡೆದದ್ದನ್ನು ಕರ್ನಾಟಕ ಮರೆತಿಲ್ಲ. ಇಲ್ಲಿಂದ ಹೋದವರೇ ಹೆಚ್ಚಾಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ತೀರಿಕೊಂಡರು. ಅವರು ಮಕ್ಕಳಲ್ಲ, ವಯಸ್ಕರು. ಜೊತೆಗೆ ಸ್ಥಳೀಯ ಗೈಡುಗಳೂ ಇದ್ದರು. ಅವರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶ ಖಂಡಿತ ಅಲ್ಲ. ಬಲ್ಲ ವಯಸ್ಕರನ್ನೇ ಆ ಎತ್ತರ ಜೂನ್‌ನಲ್ಲಿ ಹಾಗೆ ಹಿಡಿದು ನಿಲ್ಲಿಸಬಲ್ಲದಾದರೆ, ಅಲ್ಲಿಗೆ ಮಕ್ಕಳನ್ನು ‘ಬೇಸಿಗೆ ರಜೆ’ ಎಂದು ಕರೆದೊಯ್ಯುವ ಮುನ್ನ ನೂರು ಸಲ ಯೋಚಿಸಬೇಕು. ತಗ್ಗಿನಲ್ಲೂ ಮೇ ತಿಂಗಳಲ್ಲಿ ಎಷ್ಟೋ ದಿನ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಗುಡುಗು, ಆಲಿಕಲ್ಲು ಸುರಿಯುತ್ತದೆ. ಆಗ ಹತ್ತಿರದಲ್ಲೊಂದು ಮನೆಯ ಸೂರು ಇರುವುದಕ್ಕೂ ಬಯಲಿನಲ್ಲಿ ಟೆಂಟಿನ ಬಟ್ಟೆಯಷ್ಟೇ ಇರುವುದಕ್ಕೂ ಬಹಳ ಅಂತರವಿದೆ.

ಅಪಾಯದ ಮಾತನ್ನು ಬದಿಗಿಟ್ಟರೂ ನನ್ನ ಆಕ್ಷೇಪ ಉಳಿಯುತ್ತದೆ. ಶಿಖರದ ಚಾರಣದಲ್ಲಿ ಸಂಸಾರ ಒಟ್ಟಿಗೆ ನಡೆಯುವುದೇ ಇಲ್ಲ. ಹದಿನಾರರ ಮಗ ಮುಂದಿನ ಗೈಡಿನೊಡನೆ ಕಣ್ಮರೆಯಾಗಿರುತ್ತಾನೆ. ಅಪ್ಪ ನಡುವೆ, ಬ್ಯಾಗುಗಳ ಜೊತೆ. ಅಮ್ಮ ಚಿಕ್ಕವಳ ಕೈ ಹಿಡಿದು ಸಾಲಿನ ಕೊನೆಯಲ್ಲಿ, ಹಿಂದಿನ ಗೈಡಿನ ‘ಜಲ್ದಿ, ಜಲ್ದಿ’ ಕೇಳುತ್ತ. ಅಜ್ಜ ಅಜ್ಜಿ ಊರಿನಲ್ಲೇ. ಮೊಣಕಾಲು ನೋವಿರುವ ಚಿಕ್ಕಮ್ಮ ಬೇಸ್ ಕ್ಯಾಂಪಿನಲ್ಲಿ ಬಾಕಿ. ಸಂಜೆ ಟೆಂಟಿಗೆ ಬಂದಾಗ ಮಾತಾಡುವಷ್ಟು ತ್ರಾಣ ಯಾರಿಗೂ ಇರುವುದಿಲ್ಲ. ವರ್ಷವಿಡೀ ಒಂದೇ ಮನೆಯಲ್ಲಿದ್ದೂ ಆಫೀಸು, ಟ್ಯೂಷನ್, ಮೊಬೈಲುಗಳ ನಡುವೆ ಹಂಚಿಹೋದವರು ಒಟ್ಟಾಗಲೆಂದೇ ಹೊರಟದ್ದಲ್ಲವೇ? ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತ 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಲೆಕ್ಕ ಕೊಟ್ಟ: ಗಂಟೆಗೆ ಸುಮಾರು ಐದು ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಂದಿಗೂ ಚಾರಣಿಗರು ಬಳಸುವ ಲೆಕ್ಕ ಅದು. ಆದರೆ ಅದು ಎಲ್ಲೂ ಕೂರದೆ ನಡೆಯುವ ಗಟ್ಟಿ ವಯಸ್ಕರಿಗೆ ಹೇಳಿದ್ದು. ಮಗು ಪ್ರತಿ ಕಲ್ಲಿಗೂ ನಿಲ್ಲುತ್ತದೆ, ಹುಳ ಕಂಡರೆ ಕುಕ್ಕರಗಾಲಲ್ಲಿ ಕೂತು ನೋಡುತ್ತದೆ, ತೊರೆ ಕಂಡರೆ ಚಪ್ಪಲಿ ಬಿಚ್ಚುತ್ತದೆ. ಅದಕ್ಕೆ ಮುಂದಿನ ಕ್ಯಾಂಪಿನ ವೇಳಾಪಟ್ಟಿ ಹಾಕಿದ ಕ್ಷಣದಿಂದ ಆ ಕಲ್ಲು, ಹುಳ, ತೊರೆ ಎಲ್ಲವೂ ದಾರಿಯ ಅಡ್ಡಿಗಳಾಗುತ್ತವೆ. ಬೆಟ್ಟಕ್ಕೆ ಬಂದದ್ದೇ ಅವುಗಳಿಗಾಗಿ ಎಂಬುದು ಮರೆತುಹೋಗುತ್ತದೆ.

‘ಕಷ್ಟಪಟ್ಟರೆ ತಾನೇ ಮಕ್ಕಳು ಗಟ್ಟಿಯಾಗುವುದು’ ಎಂಬ ವಾದ ಇದಕ್ಕೆಲ್ಲ ಉತ್ತರವಾಗಿ ಬರುತ್ತದೆ. ಆ ವಾದದಲ್ಲಿ ಸತ್ಯದ ಅಂಶವಿದೆ. ಪಟ್ಟಣದ ಮಕ್ಕಳು ನಡೆಯಬೇಕು, ಬೆವರಬೇಕು, ಮಳೆಯಲ್ಲಿ ನೆನೆಯಬೇಕು. ಆದರೆ ಮಗು ತಾನಾಗಿ ಕೈಹಾಕಿದ ಕಷ್ಟ ಬೇರೆ, ಅಪ್ಪನ ಲೆಕ್ಕಕ್ಕಾಗಿ ಹೊರಬೇಕಾದ ಕಷ್ಟ ಬೇರೆ. ‘ಆ ಬಂಡೆ ಹತ್ತಿ ನೋಡಲೇ?’ ಎಂದು ಕೇಳಿ ಮೂರು ಸಲ ಜಾರಿ ನಾಲ್ಕನೆಯ ಸಲ ಹತ್ತಿದ ಹುಡುಗಿಗೆ ಸಿಗುವ ಧೈರ್ಯ, ಅಳುತ್ತಳುತ್ತ ಎಳೆಸಿಕೊಂಡು ಪಾಸ್ ದಾಟಿದ ಹುಡುಗಿಗೆ ಸಿಗುವುದಿಲ್ಲ. ಹೀಗೆ ಎಳೆಸಿಕೊಂಡು ಹೋದ ಮಕ್ಕಳು ಬೆಳೆದ ಮೇಲೆ ‘ಟ್ರೆಕ್ಕಿಂಗ್ ನನಗೆ ಆಗಿಬರುವುದಿಲ್ಲ’ ಎಂದು ಬೆಟ್ಟದ ದಾರಿಯನ್ನೇ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಆಲ್ಬಮ್ಮಿನಲ್ಲಿ ಹಿಮದ ನಡುವೆ ನಿಂತ ಫೋಟೋ ಇರುತ್ತದೆ. ಬೆಟ್ಟದ ಮೇಲಿನ ಪ್ರೀತಿ ಇರುವುದಿಲ್ಲ.

‘ಅಲ್ಲಿನ ಮಕ್ಕಳು ಅಷ್ಟು ಎತ್ತರದಲ್ಲಿ ಓಡಾಡುವುದಿಲ್ಲವೇ?’ ಎಂಬ ಪ್ರಶ್ನೆಯೂ ಇದೆ. ಓಡಾಡುತ್ತಾರೆ. ಅವರ ಮನೆಮಂದಿ ಮೇಲಕ್ಕೆ ಹೋಗುವ ರೀತಿಯನ್ನೂ ನೋಡೋಣ. ಬದರೀನಾಥದಾಚೆಯ ಮಾಣಾ, ನೀತಿ ಕಣಿವೆಯ ಊರುಗಳು, ಮುನ್ಸಿಯಾರಿಯಾಚೆ ಜೋಹಾರ್ ಕಣಿವೆಯ ಮಿಲಮ್: ಇಲ್ಲಿನ ಭೋಟಿಯಾ ಕುಟುಂಬಗಳು ಚಳಿಗಾಲಕ್ಕೆ ತಗ್ಗಿನ ಊರುಗಳಿಗೆ ಇಳಿದು, ಬೇಸಿಗೆಗೆ ಮೇಲಿನ ಮನೆಗಳಿಗೆ ಮರಳುವುದು ತಲೆಮಾರುಗಳ ಪದ್ಧತಿ. 1962ರ ಯುದ್ಧದಿಂದ ಟಿಬೆಟ್ಟಿನ ವ್ಯಾಪಾರ ನಿಂತು ಮಿಲಮ್‌ನಂಥ ಊರುಗಳು ಬಹುಪಾಲು ಖಾಲಿಯಾದವು. ಮಾಣಾದವರು ಇಂದಿಗೂ ಬೇಸಿಗೆಗೆ ಮೇಲೆ ಬರುತ್ತಾರೆ. ರಸ್ತೆಗಳಾಗುವ ಮೊದಲು ಅಜ್ಜಿ, ಸೊಸೆ, ಕೂಸು, ಕುರಿಮೇಕೆ ಎಲ್ಲ ಸೇರಿ ನಡೆದೇ ಏರುತ್ತಿದ್ದರು. ಒಂದು ಪಡಾವ್‌ನಲ್ಲಿ, ಅಂದರೆ ತಂಗುದಾಣದಲ್ಲಿ, ಉಳಿದು, ಮೇಲಿನ ಹಿಮ ಕರಗುವುದನ್ನು ಕಾದು, ಮತ್ತೆ ಇನ್ನೊಂದು ಪಡಾವ್. ಅವರಿಗೆ ಮುಟ್ಟಬೇಕಾದ ಶಿಖರವಿರಲಿಲ್ಲ. ಸೇರಬೇಕಾದ ಮನೆಯಿತ್ತು, ಬಿತ್ತಬೇಕಾದ ಹೊಲವಿತ್ತು. ಬೇಸಿಗೆಯಲ್ಲಿ ಪರ್ವತ ಏರುವ ಸಂಸಾರದ ನಿಜವಾದ ಮಾದರಿ ಬೇಕಿದ್ದರೆ ಅದು ಇವರದು. ನಾವು ಅನುಕರಿಸುತ್ತಿರುವುದು ಶಿಖರಗಳಿಗೆ ದಂಡಯಾತ್ರೆ ಹೊರಟ ಪರ್ವತಾರೋಹಿಗಳನ್ನು.

ಹಾಗಾದರೆ ಮಕ್ಕಳೊಂದಿಗೆ ಎಲ್ಲಿಗೆ ಹೋಗಬೇಕು? ನನಗೆ ಪ್ರಿಯವಾದ ಒಂದು ಜಾಗವನ್ನೇ ಹೇಳುತ್ತೇನೆ. ಹಿಮಾಚಲದ ಕುಲ್ಲು ಜಿಲ್ಲೆಯ ಬಂಜಾರ್ ಕಡೆ ಜೀಭಿ, ಶೋಜಾ ಎಂಬ ಊರುಗಳಿವೆ. ಎರಡೂ 3,000 ಮೀಟರಿಗಿಂತ ಕೆಳಗೆ. ಊರವರ ಮನೆಗಳಲ್ಲೇ ಹೋಮ್‌ಸ್ಟೇ ಸಿಗುತ್ತದೆ. ಶೋಜಾದ ಮೇಲೆ ರಸ್ತೆ 3,120 ಮೀಟರ್ ಎತ್ತರದ ಜಲೋರಿ ಪಾಸಿಗೆ ಏರುತ್ತದೆ. ಅಲ್ಲಿಗೆ ಬಸ್ಸೋ ಟ್ಯಾಕ್ಸಿಯೋ ಒಯ್ಯುತ್ತದೆ. ಅಲ್ಲಿಂದ ಸೆರೋಲ್ಸರ್ ಎಂಬ ಪುಟ್ಟ ಕೆರೆಗೆ ಸುಮಾರು ಐದು ಕಿಲೋಮೀಟರ್ ಕಾಲ್ದಾರಿ. ಹೆಚ್ಚು ಏರಿಲ್ಲ, ಗುಡ್ಡದ ಪಕ್ಕೆಯಲ್ಲೇ ಸಾಗುತ್ತದೆ. ಎರಡೂ ಕಡೆ ಅಲ್ಲಿನವರು ಖರ್ಸು ಎನ್ನುವ ಓಕ್ ಮರಗಳ ಕಾಡು. ಮುದಿ ಮರಗಳ ಕಾಂಡಕ್ಕೆ ಪಾಚಿ ದಪ್ಪವಾಗಿ ಹತ್ತಿರುತ್ತದೆ, ಕೊಂಬೆಗಳಿಂದ ಕಲ್ಲುಹೂವಿನ ಎಳೆಗಳು ತೂಗುತ್ತವೆ. ನಮ್ಮ ಬಿಸಿಬೇಳೆ ಭಾತಿನ ಪುಡಿಗೆ ಹಾಕುವ ಕಲ್ಲುಹೂವಿನ ಬಳಗವೇ ಇದು ಎಂದು ಅಮ್ಮ ತೋರಿಸಿದರೆ ಮಗು ನಂಬಲಿಕ್ಕಿಲ್ಲ, ಮೂಸಿ ನೋಡುತ್ತದೆ. ಶಾಲೆಯ ಪುಸ್ತಕದಲ್ಲಿ ಓದಿದ ‘ಶಿಲೀಂಧ್ರ ಮತ್ತು ಪಾಚಿಯ ಸಹಜೀವನ’ ಅಲ್ಲಿ ಕೈಗೆ ಸಿಗುತ್ತದೆ.

ಕೆರೆಯ ದಡದಲ್ಲಿ ಬುಢೀ ನಾಗಿನ್ ದೇವಿಯ ಗುಡಿ. ಭಕ್ತರು ತುಪ್ಪ ತಂದು ಒಪ್ಪಿಸುತ್ತಾರೆ. ಕೆರೆಗೆ ಎಲೆ ಬಿದ್ದರೆ ಆಭಿ ಎಂಬ ಪುಟ್ಟ ಹಕ್ಕಿ ಬಂದು ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ನೀರು ಇಷ್ಟು ತಿಳಿ ಎಂದು ಊರವರು ಹೇಳುತ್ತಾರೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ನಾಗಬನ ಕಂಡು ಬೆಳೆದವರಿಗೆ ಈ ಜಾಗದ ಅರ್ಥ ಯಾರೂ ವಿವರಿಸಬೇಕಿಲ್ಲ. ನೀರಿದ್ದಲ್ಲಿ ನಾಗ, ನಾಗನಿದ್ದಲ್ಲಿ ಮರ ಕಡಿಯಬಾರದು. ಇಷ್ಟು ದೂರದ ಎರಡು ನಾಡುಗಳ ಜನ ಕಾಡನ್ನು ಉಳಿಸಿಕೊಳ್ಳಲು ಒಂದೇ ದಾರಿ ಕಂಡುಕೊಂಡದ್ದು ಹೇಗೆ ಎಂದು ಮಕ್ಕಳು ಕೇಳಿದರೆ, ಆ ಪ್ರಶ್ನೆಯ ಬೆಲೆ ಯಾವ ಪಾಸಿಗೂ ಕಡಿಮೆಯಲ್ಲ. ಮಧ್ಯಾಹ್ನದ ಮೋಡ ಕಟ್ಟುವ ಮೊದಲೇ ಜಲೋರಿಗೆ ಮರಳಿ, ಧಾಬಾದಲ್ಲಿ ರಾಜ್ಮಾ ಅನ್ನ ಉಂಡು, ಸಂಜೆಗೆ ಕೆಳಗೆ ಬಂದು ಮಲಗಬಹುದು. ಮೇಲೆ ನಡೆ, ಕೆಳಗೆ ಮಲಗು ಎಂದು ಪರ್ವತಾರೋಹಿಗಳು ಹೇಳುವ ಮಾತನ್ನೇ ಈ ರಜೆ ಪಾಲಿಸುತ್ತದೆ. ಮಾರನೆಯ ದಿನ ಚಿಕ್ಕವಳಿಗೆ ಜ್ವರ ಬಂದರೆ ಏನೂ ಕೆಡುವುದಿಲ್ಲ. ಅವಳು ಅಜ್ಜಿಯ ಜೊತೆ ಮನೆಯಲ್ಲಿರುತ್ತಾಳೆ, ಉಳಿದವರು ಹೋಗಿ ಬರುತ್ತಾರೆ. ಅಜ್ಜಿಯೂ ಈ ರಜೆಯಲ್ಲಿ ಇರಲು ಸಾಧ್ಯ ಎಂಬುದನ್ನು ಗಮನಿಸಿ.

ಉತ್ತರಾಖಂಡದ ಹೂಗಳ ಕಣಿವೆಯೂ ಇದೇ ಬಗೆಯದು. ಒಳಗೆ ರಾತ್ರಿ ತಂಗಲು ಯಾರಿಗೂ ಅನುಮತಿಯಿಲ್ಲ. ಎಲ್ಲರೂ ಕೆಳಗಿನ ಘಾಂಗರಿಯಾ ಎಂಬ ಊರಿನಲ್ಲಿ ಉಳಿದು ಬೆಳಗ್ಗೆ ಹೋಗಿ ಸಂಜೆ ಬರಬೇಕು. ಘಾಂಗರಿಯಾವೇ 3,000 ಮೀಟರಿನ ಆಸುಪಾಸಿನಲ್ಲಿರುವುದರಿಂದ ಕೆಳಗೆಲ್ಲಾದರೂ ಒಂದೆರಡು ರಾತ್ರಿ ಕಳೆದೇ ಏರಬೇಕು. ಕಣಿವೆ ತೆರೆಯುವುದು ಜೂನ್ 1ಕ್ಕೆ, ಹೂ ತುಂಬುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಮ್ಮ ರಾಜ್ಯದ ಮಕ್ಕಳಿಗೆ ಆಗ ಶಾಲೆ. ಜುಲೈ-ಆಗಸ್ಟ್ ರಜೆಗೆ ಊರಿಗೆ ಬರುವ ಅಮೆರಿಕ, ಯುರೋಪಿನ ಕನ್ನಡ ಮನೆಗಳ ಮಕ್ಕಳಿಗೆ ಅದು ಸಿಗಬಹುದು.

ತುದಿಯಿಲ್ಲದ ನಡಿಗೆ ಕನ್ನಡಕ್ಕೆ ಹೊಸದೂ ಅಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ ಬೆಟ್ಟಕಾಡುಗಳ ಅಲೆದಾಟದ ಬಗ್ಗೆ ಅದಕ್ಕಿಂತ ಪ್ರೀತಿಪಾತ್ರವಾದ ಪುಸ್ತಕ ನನಗೆ ಗೊತ್ತಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟಗಳನ್ನು ಅಲೆದ ಆ ಅಧ್ಯಾಪಕರ ಕಣ್ಣು ಇದ್ದದ್ದು ಎತ್ತರದ ಮೇಲಲ್ಲ, ಕಾಲಬುಡದ ಗಿಡದ ಮೇಲೆ. ಕುಮಾರ ಪರ್ವತ ಹತ್ತಿ ಬಂದವರ ಬಾಯಲ್ಲೂ ಶಿಖರಕ್ಕಿಂತ ಹೆಚ್ಚು ಕೇಳಿಬರುವುದು ದಾರಿಯ ನಡುವೆ ಗಿರಿಗದ್ದೆಯ ಭಟ್ಟರ ಮನೆಯ ಊಟ. ಆದರೂ 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಸಾವಿರಾರು ಜನ ಒಮ್ಮೆಗೇ ಆ ಬೆಟ್ಟಕ್ಕೆ ಮುಗಿಬಿದ್ದರು. ಸರ್ಕಾರ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಎಲ್ಲರಿಗೂ ಒಂದೇ ತುದಿ ಬೇಕಾದಾಗ ಬೆಟ್ಟಕ್ಕೆ ಆಗುವುದು ಇದು. ಹಿಮಾಲಯದಲ್ಲೂ ಬೇರೆಯಾಗಿಲ್ಲ. ಬುಗ್ಯಾಲ್‌ಗಳೆಂಬ ಎತ್ತರದ ಹುಲ್ಲುಗಾವಲುಗಳು ಟೆಂಟು ಮತ್ತು ಕಸದಿಂದ ಹಾಳಾಗುತ್ತಿವೆ ಎಂದು ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಅಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಹೆಸರಾದ ರೂಪಕುಂಡ ಚಾರಣ ಅದರೊಂದಿಗೆ ನಿಂತಿತು. ಊರಿನ ಮನೆಯಲ್ಲಿ ತಂಗುವ ಸಂಸಾರ ಹುಲ್ಲುಗಾವಲನ್ನು ತುಳಿಯುವುದೂ ಕಡಿಮೆ, ಅದು ಕೊಡುವ ಹಣ ನೇರವಾಗಿ ಆ ಮನೆಯ ಒಲೆಗೆ ಸೇರುವುದೂ ಖಚಿತ.

‘ಅಷ್ಟು ಖರ್ಚು ಮಾಡಿ ಅಷ್ಟು ದೂರ ಹೋಗಿ, ಒಂದು ಊರಲ್ಲಿ ಕೂತು ಬರುವುದೇ?’ ಎಂದು ಕೇಳುವವರಿಗೆ ನನ್ನ ಉತ್ತರ: ಹೌದು, ಅದಕ್ಕೇ ಹೋಗಬೇಕು. ಮಗ ಹದಿನೆಂಟು ದಾಟಿ ತಾನಾಗಿಯೇ ಸರ್ ಪಾಸ್ ಕೇಳಿದರೆ, ಮೈ ಹೊಂದಿಕೊಳ್ಳಲು ಬೇಕಾದ ದಿನಗಳನ್ನು ಸೇರಿಸಿ ಕಳಿಸಿ. ಪಾಸ್ ಅಲ್ಲೇ ಇರುತ್ತದೆ.

‘ಫ್ಯಾಮಿಲಿ ಟ್ರೆಕ್’ ನಡೆಸುವವರಲ್ಲಿ ನನ್ನ ಕೋರಿಕೆ ಎರಡು. ಮುಟ್ಟುವ ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸುವ ಜಾಗದಲ್ಲಿ, ಪ್ರತಿ ರಾತ್ರಿ ಮಲಗುವ ಎತ್ತರವನ್ನು ಮುದ್ರಿಸಿ. ಒಂದು ಮಗು ನಡುದಾರಿಯಲ್ಲಿ ಮುಂದೆ ಹೋಗಲಾಗದಿದ್ದರೆ ಅದನ್ನು ಯಾರು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ಕೆಳಗಿಳಿಸುತ್ತಾರೆ ಎಂಬುದನ್ನು ಬರೆದು ಕೊಡಿ. ತಂದೆತಾಯಿಗಳೇ, ಹಣ ಕಟ್ಟುವ ಮುನ್ನ ಈ ಎರಡನ್ನೂ ಕೇಳಿ. ನೇರ ಉತ್ತರ ಬಾರದಿದ್ದರೆ ಆ ಚಾರಣಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ.